ಸೆರೆಮನೆಯಲ್ಲಿ ಗಾನಸೇವೆ



ಇಂತಹ ಮಹೋತ್ಸವ ಸಂಪುಟಗಳಲ್ಲಿ ಪರಂಪರೆ, ದಾಸೋಹ, ಪಾಠಶಾಲೆಗಳ ವೃತ್ತಾಂತವನ್ನು ಓದುವುದು ವಾಡಿಕೆಯಾಗಿರುವುದು. ಅದನ್ನು ನನಗಿಂತ ಬಲ್ಲವರು ಬರೆದಿರುತ್ತಾರೆ. ನಾನಾದರೋ ಸೆರೆಮನೆಯ ಮಾತನ್ನೆತ್ತಿಕೊಂಡುದಕ್ಕೆ ಕಾರಣವಿಷ್ಟೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ಭಜನೆಯ ಮಂದಿ ಬಂದಿಗಳ ಮುಂದೆ ಹಾಡಿಬರಬೇಕೆಂದು ಬಯಸಿದಾಗಲೆಲ್ಲ, ‘ಇದಕ್ಕೆ ಹಿಂದಿನ ಆಧಾರವುಂಟೇ?’ ಎಂದು ಕೇಳುವುದುಂಟು. ಆಧಾರವುಂಟು. ಆದರೆ ಅದು ನಾವು ನಿರೀಕ್ಷಿಸುವ ಬಗೆಯದಲ್ಲ. ಹಾಡು ಹೊರಗಿನಿಂದ ಸೆರೆಮನೆಗೆ ಹೋದುದು ಒಂದು ಕಥೆ. ಸೆರೆಯ ಒಳಗಿನಿಂದಲೇ ಹುಟ್ಟಿ ಹೊರಗೆ ಬಂದುದು ಇನ್ನೊಂದು ಕಥೆ. ಇವೆರಡರಲ್ಲಿ ಎರಡನೆಯದೇ ಹಳೆಯದು. ಮೊದಲನೆಯದು ಅದಕ್ಕೆ ತಲೆಬಾಗಿದಾಗ ಮಾತ್ರ ಫಲಿಸಿದೆಯೆಂದು ನನ್ನ ತಿಳಿವಳಿಕೆ.

ನಮ್ಮ ಸೀಮೆಯಲ್ಲಿ ಈ ಸ್ಥಳಕ್ಕೆ ಹೆಸರುಗಳೇ ಹಲವು. ಹಳಬರು ತುರಂಗವೆಂದರು, ನಿಜಾಮನ ಕಾಲದವರು ಜೇಲಖಾನೆಯೆಂದರು, ಗ್ರಂಥಸ್ಥರು ಕಾರಾಗೃಹವೆಂದರು. ಅಚ್ಚಗನ್ನಡದ ಸೆರೆ ಎಂಬ ಮಾತಿಗಾದರೋ ಬಂಧನವೆಂಬುದೊಂದೇ ಅರ್ಥವಲ್ಲ. ಕೊರಳ ಸೆರೆಯೆಂದರೆ ಗಂಟಲಿನ ನರ. ದುಃಖದಿಂದ ಕೊರಳ ಸೆರೆ ಬಿಗಿಯಿತೆಂದು ಕವಿಗಳೂ ಹೇಳುವರು, ಹೊಲದ ಕೆಲಸದವರೂ ಹೇಳುವರು. ವೈಯಾಕರಣರು ಇವೆರಡನ್ನೂ ಬೇರೆ ಬೇರೆ ಮೂಲದಿಂದ ಬಂದ ಪದಗಳೆಂದು ವಿಂಗಡಿಸುವರು. ಆ ವಿಂಗಡಣೆ ಸರಿಯೇ. ಆದರೂ ಬಂಧನವೂ ಧ್ವನಿಯೂ ಒಂದೇ ಉಚ್ಚಾರದಲ್ಲಿ ಕೂಡಿರುವುದನ್ನು ನೋಡಿದರೆ ಮನಸ್ಸಿಗೆ ಏನೋ ತೋರುತ್ತದೆ.

ಬಂದಿಗಳ ವಿಷಯದಲ್ಲಿ ಅರಸನೊಬ್ಬನು ಆಡಿದ ಮಾತನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಯ ಗುಡಿಯಲ್ಲಿ, ದೇವಿಯ ಪೀಠವಾಗಿ ಬಳಕೆಯಾಗಿದ್ದ ಒಂದು ಚಪ್ಪಡಿಯ ಮೇಲೆ ಅಶೋಕ ಚಕ್ರವರ್ತಿಯ ಶಾಸನಭಾಗಗಳಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ಶಿಲಾಶಾಸನಗಳ ಭಾಗಗಳಲ್ಲದೆ, ಕಳಿಂಗದಲ್ಲಿ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠವೂ ಇರುತ್ತದೆ. ಈ ಪ್ರತ್ಯೇಕ ಶಾಸನಗಳ ಪೂರ್ಣರೂಪವನ್ನು ಒರಿಸ್ಸಾದ ಧೌಲಿಯ ಬಂಡೆಯ ಮೇಲೆ ಓದಬಹುದು. ಮೊದಲನೆಯದರಲ್ಲಿ ಅರಸನು ನಗರದ ನ್ಯಾಯಾಧಿಕಾರಿಗಳನ್ನು ಕುರಿತು, ಯಾವನೂ ಕಾರಣವಿಲ್ಲದೆ ಬಂಧನಕ್ಕಾಗಲಿ ಕ್ಲೇಶಕ್ಕಾಗಲಿ ಗುರಿಯಾಗಬಾರದೆಂದೂ, ಅಸೂಯೆ, ಕೋಪ, ಆತುರ, ಆಲಸ್ಯಗಳುಳ್ಳವನಿಂದ ನ್ಯಾಯವು ನಡೆಯಲಾರದೆಂದೂ ಎಚ್ಚರಿಸಿದ್ದಾನೆ. ಅವನದೇ ಐದನೆಯ ಶಿಲಾಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂದಿಯಾದವನಿಗೆ ಮಕ್ಕಳಿರುವರೇ, ಅವನು ವೃದ್ಧನೇ ಎಂದು ವಿಚಾರಿಸಿ ನೆರವಾಗುವುದನ್ನೂ ಬಿಡುಗಡೆ ಮಾಡಿಸುವುದನ್ನೂ ಧರ್ಮಮಹಾಮಾತ್ರರ ಕೆಲಸವೆಂದು ಗೊತ್ತುಪಡಿಸುತ್ತದೆ. ಭೇರಿಘೋಷವು ಧರ್ಮಘೋಷವಾಯಿತೆಂದು ನಾಲ್ಕನೆಯ ಶಾಸನದಲ್ಲಿ ಹೇಳಿಕೊಂಡ ಅರಸನಿವನು. ಇಲ್ಲಿ ಗಾನದ ಪ್ರಸ್ತಾಪವಿಲ್ಲ, ನಿಜ. ಆದರೆ ಗೋಡೆಯ ಒಳಗಿರುವವನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವುದು ಮೊದಲು, ಉಳಿದುದೆಲ್ಲ ಆಮೇಲೆ ಎಂಬ ಕ್ರಮವು ನಮ್ಮ ಭೀಮೆಯ ನೀರು ಕುಡಿದ ನೆಲಕ್ಕೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನಿಂದ ಗೊತ್ತಿತ್ತೆಂಬುದನ್ನು ಭಜನೆಗೆ ಹೊರಡುವವರು ನೆನೆಯತಕ್ಕುದು.

ಸೇಡಂ ತಾಲ್ಲೂಕಿನ ಮಳಖೇಡವನ್ನು ಮಾನ್ಯಖೇಟವೆಂಬ ರಾಜಧಾನಿಯನ್ನಾಗಿ ಮೆರೆಸಿದ ರಾಷ್ಟ್ರಕೂಟರ ವಂಶಕ್ಕೂ ನಮ್ಮ ವಿಷಯಕ್ಕೂ ಒಂದು ನಂಟುಂಟು. ಅಮೋಘವರ್ಷನ ಅಜ್ಜನಾದ ಧ್ರುವನು ಗಂಗರ ಇಮ್ಮಡಿ ಶಿವಮಾರನನ್ನು ಸೆರೆಯಲ್ಲಿಟ್ಟನು. ಧ್ರುವನ ಮಗ ಮುಮ್ಮಡಿ ಗೋವಿಂದನು ಬಿಟ್ಟು, ಮತ್ತೆ ಹಿಡಿದನು. ಈ ಶಿವಮಾರನು ವಿದ್ವಾಂಸ. ಆನೆಗಳನ್ನು ಕುರಿತು ಅವನು ರಚಿಸಿದ ಗಜಾಷ್ಟಕವು ಒನಕೆವಾಡಾಗಿ, ಎಂದರೆ ಕುಟ್ಟುವ ಹೆಂಗಳೆಯರ ಹಾಡಾಗಿ ಬಳಕೆಯಲ್ಲಿತ್ತೆಂದು ಮುಂದಿನ ಶಾಸನವೊಂದು ಹೇಳುತ್ತದೆ. ಗೆದ್ದ ಅರಸರ ಬಿರುದುಗಳು ತಾಮ್ರಪಟಗಳಲ್ಲಿ ಉಳಿದವು. ಸೆರೆಯುಂಡ ಅರಸನ ಹಾಡು ಒರಳಿನ ಸುತ್ತ ನಿಂತವರ ಬಾಯಲ್ಲಿ ಉಳಿಯಿತು.

ಕಲ್ಯಾಣದ ಶರಣರೊಳಗೂ ಕಳವಿನ ದಾರಿಯಿಂದ ಬಂದವರಿದ್ದರು. ಕನ್ನದ ಮಾರಿತಂದೆಯ ಹೆಸರಿನಲ್ಲಿಯೇ ಕನ್ನದ ಕಸುಬು ಅಂಟಿಕೊಂಡಿದೆ. ಉರಿಲಿಂಗಪೆದ್ದಿಯೂ ಮೊದಲು ಕಳ್ಳನಾಗಿದ್ದನೆಂದು ಪರಂಪರೆ ಹೇಳುವುದು. ಅವರ ಹಿಂದಿನ ಕಸುಬನ್ನು ಮುಚ್ಚಿಡದೆ, ಅವರ ನುಡಿಗಳನ್ನು ಉಳಿದವರ ನುಡಿಗಳ ಪಕ್ಕದಲ್ಲಿಯೇ ಕಟ್ಟಿಟ್ಟಿರುವರು. ಇದು ಸರ್ವವಿದಿತವಾದುದರಿಂದ ಹೆಚ್ಚು ಬೆಳೆಸುವುದಿಲ್ಲ.

ಇನ್ನು ಗೋಲ್ಕೊಂಡಕ್ಕೆ ಹೋಗೋಣ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಗುವ ರೈಲು 1874ರಲ್ಲಿ ಆರಂಭವಾಯಿತು. ಆ ಹಾದಿಯಲ್ಲಿ ಜನರೂ ಶಹಾಬಾದಿನ ಪರಸಿಕಲ್ಲೂ ಹೋದಂತೆ ಹಾಡುಗಳೂ ಬಂದವು. ಸೇಡಂ, ಚಿಂಚೋಳಿಗಳ ಗಡಿಯ ಹಳ್ಳಿಗಳಲ್ಲಿ ತೆಲುಗಿನ ರಾಮದಾಸು ಕೀರ್ತನೆಗಳನ್ನು ಕೇಳದ ಕಿವಿ ವಿರಳ. ಕಂಚರ್ಲ ಗೋಪನ್ನನೆಂಬ ಈ ಭಕ್ತನು ಕುತುಬಶಾಹಿಯ ಕಡೆಯ ಸುಲ್ತಾನನಾದ ಅಬುಲ್ ಹಸನ್ ತಾನಾಷಾನ ಕಾಲದಲ್ಲಿ ಪಾಲ್ವಂಚ ಪರಗಣೆಯ ತಹಶೀಲದಾರನಾಗಿದ್ದು, ಕಂದಾಯದ ಹಣದಿಂದ ಭದ್ರಾಚಲದಲ್ಲಿ ರಾಮಮಂದಿರವನ್ನು ಕಟ್ಟಿಸಿದ ಆರೋಪದ ಮೇಲೆ ಗೋಲ್ಕೊಂಡದ ಕೋಟೆಯಲ್ಲಿ ಸೆರೆಯಾದನು. ಹನ್ನೆರಡು ವರ್ಷವೆಂದು ಐತಿಹ್ಯ. ಆ ಕತ್ತಲೆಕೋಣೆಯನ್ನು ಇಂದಿಗೂ ರಾಮದಾಸುವಿನ ಬಂದೀಖಾನೆಯೆಂದು ತೋರಿಸುತ್ತಾರೆ.

ಅವನ ಸೆರೆಯ ಕೀರ್ತನೆಗಳಲ್ಲಿ ವಿಶೇಷವೇನೆಂದರೆ, ಅವು ಬರಿಯ ಸ್ತುತಿಗಳಲ್ಲ. ಸೀತೆಗೆ, ಲಕ್ಷ್ಮಣನಿಗೆ, ಭರತನಿಗೆ ಯಾವ ಯಾವ ಒಡವೆಯನ್ನು ಎಷ್ಟೆಷ್ಟು ಹಣಕ್ಕೆ ಮಾಡಿಸಿದೆನೆಂದು ಲೆಕ್ಕದ ಕಡತವನ್ನು ಬಿಚ್ಚಿ, ರಾಮನನ್ನೇ ಜಗಳಕ್ಕೆಳೆದು ಬೈಯುತ್ತಾನೆ. ಪೆಟ್ಟು ತಾಳಲಾರದೆ ಬೈದೆನೆಂದು ಮರುಕ್ಷಣವೇ ಕ್ಷಮೆ ಬೇಡುತ್ತಾನೆ. ದೇವರೊಡನೆ ಲೆಕ್ಕಪತ್ರ ಹಿಡಿದು ವಾದಿಸುವ ಈ ಧೈರ್ಯವು ಆಸ್ಥಾನದ ಗಾಯಕನಿಗೆ ಬರುವಂತಹುದಲ್ಲ. ಅವನೆದುರು ಶ್ರೋತೃಗಳಿರಲಿಲ್ಲ, ಬಹುಮಾನವಿರಲಿಲ್ಲ, ತಲೆದೂಗುವವರಿರಲಿಲ್ಲ. ಕಂದಾಯದ ಹಣವನ್ನು ಅಪ್ಪಣೆಯಿಲ್ಲದೆ ಬಳಸಿದುದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ನಾವು ಪಾಠಶಾಲೆಯಲ್ಲಿ ಬಹಳ ಸಲ ಚರ್ಚಿಸಿದ್ದುಂಟು. ತಪ್ಪೆಂದೇ ನನ್ನ ಮತ. ಆದರೆ ತಪ್ಪು ಮಾಡಿದವನ ಹಾಡಾದುದರಿಂದಲೇ ಅದು ಸೆರೆಯಲ್ಲಿರುವವರಿಗೆ ಹತ್ತಿರವಾಗುವುದು. ನಿರಪರಾಧಿಗಳಿಗಾಗಿ ಬರೆದ ಸಾಂತ್ವನಗೀತೆಗಳು ಅವರಿಗೆ ಅಷ್ಟು ತಾಗಲಾರವು.

ಅದೇ ಹೈದರಾಬಾದ ಸೀಮೆಯಲ್ಲಿ ಇನ್ನೂರೈವತ್ತು ವರ್ಷಗಳ ಬಳಿಕ ಹಾಡೇ ಅಪರಾಧವಾಯಿತು. ಸಭೆ ಸೇರುವುದಕ್ಕೆ ಅಪ್ಪಣೆ ಪಡೆಯಬೇಕೆಂಬ ‘ಗಶ್ತಿ 53’ರ ಕಾಲವದು. 1938ರ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಸತಿಗೃಹದಲ್ಲಿ ವಂದೇ ಮಾತರಂ ಹಾಡಿದರೆಂದು ಹೊರದೂಡಲ್ಪಟ್ಟರು. ಆ ಚಳವಳಿಯು ಗುಲ್ಬರ್ಗಾದ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತು. ಹೊರಬಿದ್ದವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯವು ಆಶ್ರಯವಿತ್ತಿತು. ಮುಂದೆ ಪ್ರಧಾನಿಗಳಾದ ಪಿ.ವಿ. ನರಸಿಂಹರಾಯರು ಅವರಲ್ಲೊಬ್ಬರು. ಆ ದಿನಗಳಲ್ಲಿಯೇ ರಾಯಚೂರಿಗೆ ನೆರೆಯ ಗದ್ವಾಲದ ಕಡೆಯವರಾದ ರಾಮಚಂದ್ರರಾಯರು ಹೈದರಾಬಾದಿನ ಸೆರೆಮನೆಯಲ್ಲಿ ಛಡಿಯೇಟಿನ ಶಿಕ್ಷೆಗೆ ಗುರಿಯಾಗಿ, ಪ್ರತಿಯೊಂದು ಏಟಿಗೂ ವಂದೇ ಮಾತರಂ ಎಂದು ಕೂಗಿದರು. ಆ ಎರಡು ಪದಗಳೇ ಅವರ ಹೆಸರಿನ ಮುಂದೆ ನಿಂತು, ಬಾಳಿನುದ್ದಕ್ಕೂ ವಂದೇಮಾತರಂ ರಾಮಚಂದ್ರರಾಯರೆಂದೇ ಕರೆಯಲ್ಪಟ್ಟರು. 1939ರ ಆರ್ಯಸಮಾಜದ ಸತ್ಯಾಗ್ರಹದಲ್ಲಿ ಮಹಾತ್ಮಾ ನಾರಾಯಣ ಸ್ವಾಮಿಗಳು ಸೆರೆಯಾದುದು ನಮ್ಮ ಗುಲ್ಬರ್ಗಾದಲ್ಲಿಯೇ. 1948ರ ಸೆಪ್ಟೆಂಬರ 17ರವರೆಗೆ ಈ ನೆಲದ ಸೆರೆಮನೆಗಳಲ್ಲಿ ಹೊರಗಿನಿಂದ ಬಂದು ಹಾಡುವವರು ಬೇಕಾಗಿರಲಿಲ್ಲ. ಹಾಡಿದವರನ್ನೇ ಒಳಗೆ ತಂದು ತುಂಬುತ್ತಿದ್ದರು.

ನಿಜಾಮನ ಸೀಮೆಯನ್ನು ಬಿಟ್ಟು ಬ್ರಿಟಿಷರ ಸೀಮೆಗೆ ಬಂದರೆ, ಹೊರಗಿನವರು ಬಂದು ಬಂದಿಗಾಗಿ ಹಾಡಿದ ಪ್ರಸಂಗಗಳು ಪುಣೆಯಲ್ಲಿ ದೊರೆಯುತ್ತವೆ. ವಾಡಿ, ಶಹಾಬಾದಗಳಿಂದ ಮುಂಬಯಿಗೆ ಹೋಗುವ ರೈಲಿನ ದಾರಿಯಲ್ಲಿಯೇ ಆ ಊರಿರುವುದಷ್ಟೆ. 1924ರ ಜನವರಿಯಲ್ಲಿ ಯರವಡಾ ಸೆರೆಯಿಂದ ಗಾಂಧೀಜಿಯವರನ್ನು ಸಾಸೂನ್ ಆಸ್ಪತ್ರೆಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿದರು. ಇನ್ನೂ ಬಂದಿಯಾಗಿಯೇ ಹಾಸಿಗೆಯಲ್ಲಿದ್ದ ಅವರ ಬಳಿಗೆ, ಬಿಡುಗಡೆಗೆ ಕೆಲವೇ ದಿನಗಳ ಮುಂಚೆ, ಬಂಗಾಲದ ಗಾಯಕ ದಿಲೀಪಕುಮಾರ ರಾಯರು ಬಂದು ಮೀರಾಬಾಯಿಯ ಭಜನೆಯನ್ನು ಹಾಡಿ ಕೇಳಿಸಿದರು. ಸಂಗೀತವಿಲ್ಲದೆ ಭಾರತದ ಧಾರ್ಮಿಕ ಜೀವನವು ಬೆಳೆದೀತೆಂಬುದನ್ನು ತಾನು ಊಹಿಸಲಾರೆನೆಂಬ ಅರ್ಥದ ಮಾತನ್ನು ಗಾಂಧೀಜಿಯವರು ಆಡಿದುದು ಆ ಭೇಟಿಯಲ್ಲಿ. 1930ರಲ್ಲಿ ಅದೇ ಯರವಡೆಯಲ್ಲಿ ಅವರು ಆಶ್ರಮ ಭಜನಾವಳಿಯ ಹಾಡುಗಳನ್ನು ಮೀರಾಬೆನ್ನರಿಗಾಗಿ ದಿನಕ್ಕಿಷ್ಟೆಂದು ಇಂಗ್ಲಿಷಿಗೆ ತಿರುಗಿಸಿದರು.

ಎಲ್ಲಕ್ಕಿಂತ ದೊಡ್ಡ ಪ್ರಸಂಗವು 1932ರ ಸೆಪ್ಟೆಂಬರ 26ರದು. ಅಸ್ಪೃಶ್ಯರೆನಿಸಿದವರಿಗೆ ಪ್ರತ್ಯೇಕ ಮತದಾರ ವರ್ಗವನ್ನು ಏರ್ಪಡಿಸಿದುದನ್ನು ವಿರೋಧಿಸಿ 20ನೆಯ ತಾರೀಖಿನಿಂದ ಗಾಂಧೀಜಿಯವರು ಸೆರೆಯಲ್ಲಿಯೇ ಉಪವಾಸ ಕುಳಿತಿದ್ದರು. 24ರಂದು ಡಾಕ್ಟರ್ ಅಂಬೇಡಕರರೊಡನೆ ಒಪ್ಪಂದವಾಯಿತು. ಎಪ್ಪತ್ತೊಂದು ವರ್ಷದ ರವೀಂದ್ರನಾಥ ಠಾಕೂರರು ಕಲಕತ್ತೆಯಿಂದ ಬಂದು ಯರವಡೆಯ ಅಂಗಳವನ್ನು ಸೇರಿದ್ದರು. ಉಪವಾಸ ಬಿಡುವ ಸಮಯದಲ್ಲಿ ಗೀತಾಂಜಲಿಯ ಒಂದು ಹಾಡನ್ನು ಹಾಡಬೇಕೆಂದು ಅವರನ್ನು ಕೇಳಲಾಯಿತು. ಗಾಂಧೀಜಿಯವರಿಗೆ ಪ್ರಿಯವಾದ ಹಾಡದು. ಕವಿಗೆ ತಮ್ಮದೇ ಹಾಡಿನ ರಾಗವು ಮರೆತುಹೋಗಿತ್ತು! ಆಗಿನ ಮಟ್ಟಿಗೆ ತೋಚಿದ ಧಾಟಿಯಲ್ಲಿ ಹಾಡಿ ಮುಗಿಸಿದರು. ಕಸ್ತೂರಬಾ ಅವರು ಕಿತ್ತಿಳೆಯ ರಸವನ್ನು ಕೊಟ್ಟರು. ವೈಷ್ಣವ ಜನತೋ ಎಂಬ ನರಸಿಂಹ ಮೆಹತಾರ ಭಜನೆಯೂ ನಡೆಯಿತು.

ಈ ಪ್ರಸಂಗದಲ್ಲಿ ನಾನು ಗಮನಿಸುವುದು ಎರಡು ಸಂಗತಿಗಳನ್ನು. ಹಾಡನ್ನು ಆರಿಸಿದುದು ಕೇಳುವವನ ಮನಸ್ಸು, ಹಾಡುವವನದಲ್ಲ. ಜಗತ್ಪ್ರಸಿದ್ಧನಾದ ಕವಿಯು ರಾಗ ತಪ್ಪಿದರೂ ನಾಚದೆ ಹಾಡಿದನು. ಅಲ್ಲಿ ಕಛೇರಿಯ ಅಭಿಮಾನಕ್ಕೆ ಎಡೆಯಿರಲಿಲ್ಲ. ನಮ್ಮ ಮಂಡಳಿಗಳಲ್ಲಿ ಹಾರ್ಮೋನಿಯಂ ಒಂದು ಸ್ವರ ತಪ್ಪಿದರೆ ಹಾಡುಗಾರನೂ ಪೆಟ್ಟಿಗೆಯವನೂ ಮುಖ ತಿರುಗಿಸಿಕೊಳ್ಳುವರಲ್ಲವೇ?

ಆದರೆ ಸಾಮಾನ್ಯ ಬಂದಿಗೆ ಇಂತಹ ಭಾಗ್ಯವೆಲ್ಲಿಯದು? 1894ರ ಕಾರಾಗೃಹ ಕಾಯಿದೆಯ ಆಶ್ರಯದಲ್ಲಿ ಹುಟ್ಟಿದ ಜೇಲು ಕೈಪಿಡಿಗಳು ಅನೇಕ ಪ್ರಾಂತಗಳಲ್ಲಿ ಗಟ್ಟಿಯಾಗಿ ನಗುವುದನ್ನೂ ಹಾಡುವುದನ್ನೂ ಶಿಸ್ತಿನ ಭಂಗವೆಂದೇ ಎಣಿಸಿದ್ದವು. ಸ್ವಾತಂತ್ರ್ಯಾನಂತರ ದೃಷ್ಟಿ ಮೆಲ್ಲಗೆ ಬದಲಾಯಿತು. ನ್ಯಾಯಮೂರ್ತಿ ಮುಲ್ಲಾ ಅವರ ಸಮಿತಿಯು 1980ರಿಂದ 1983ರವರೆಗೆ ದೇಶದ ಸೆರೆಮನೆಗಳನ್ನು ಪರಿಶೀಲಿಸಿತು. 2016ರ ಮಾದರಿ ಕಾರಾಗೃಹ ಕೈಪಿಡಿಯು ಸಂಗೀತ ನಾಟಕಾದಿಗಳನ್ನು ಬಂದಿಗಳ ಕ್ಷೇಮಕ್ಕೆ ಬೇಕಾದವೆಂದು ಎಣಿಸಿದೆ. ಒಂದು ಕಾಲಕ್ಕೆ ದಂಡನೆಗೆ ಕಾರಣವಾಗಿದ್ದುದು ಇನ್ನೊಂದು ಕಾಲಕ್ಕೆ ಸುಧಾರಣೆಯ ಸಾಧನವಾಯಿತು.

ಕನ್ನಡನಾಡಿನಲ್ಲಿ ಈ ಮಾರ್ಗದಲ್ಲಿ ದೀರ್ಘಕಾಲ ದುಡಿದವರೆಂದರೆ ಮೈಸೂರಿನ ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿಯವರು. 1990ರ ದಶಕದ ಉತ್ತರಾರ್ಧದಿಂದ ಬಳ್ಳಾರಿ, ಮೈಸೂರು ಮೊದಲಾದ ಕಾರಾಗೃಹಗಳಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯಿಸಿ, ಜೀವಾವಧಿ ಶಿಕ್ಷೆಯವರಿಂದಲೂ ನಾಟಕಗಳನ್ನು ಆಡಿಸಿದರು. ಸಂಕಲ್ಪವೆಂಬುದು ಅವರ ಸಂಸ್ಥೆಯ ಹೆಸರು. ಜಯಂತ ಕಾಯ್ಕಿಣಿಯವರ ‘ಜೊತೆಗಿರುವನು ಚಂದಿರ’, ಷೇಕ್ಸ್‌ಪಿಯರನ ಮ್ಯಾಕ್‌ಬೆತ್ತನ್ನು ಆಧರಿಸಿದ ‘ಮಾರನಾಯಕ’, ಗಿರೀಶ ಕಾರ್ನಾಡರು 1990ರಲ್ಲಿ ಪ್ರಕಟಿಸಿದ ‘ತಲೆದಂಡ’ ಇವು ಬಂದಿಗಳ ಬಾಯಲ್ಲಿ ಬಂದವು. ತಲೆದಂಡವು ಕಲ್ಯಾಣದ ಬಸವಣ್ಣ, ಬಿಜ್ಜಳರ ಕಥೆಯೆಂಬುದನ್ನು ಭಕ್ತರಿಗೆ ಹೇಳಬೇಕಾಗಿಲ್ಲ. ಹರಳಯ್ಯ ಮಧುವರಸರಿಗಾದ ದಂಡನೆಯ ವೃತ್ತಾಂತವನ್ನು ನಾವು ಪುರಾಣದಲ್ಲಿ ಕೇಳಿ ಕಣ್ಣೊರಸಿಕೊಳ್ಳುತ್ತೇವೆ. ದಂಡನೆಯೆಂದರೇನೆಂದು ಮೈಮೇಲೆ ಬಲ್ಲವರು ಅದನ್ನು ಆಡುವುದು ಬೇರೆಯೇ ಆಗಿರತಕ್ಕುದು. ಆ ಕಾರ್ನಾಡರ ನಾಟಕವನ್ನು ಕುರಿತು ನಮ್ಮವರಲ್ಲಿ ಭಿನ್ನಾಭಿಪ್ರಾಯಗಳಿರುವುದನ್ನು ಬಲ್ಲೆನು. ಅದು ಇಲ್ಲಿಯ ವಿಷಯವಲ್ಲ. ಮುಖ್ಯವಾದುದೆಂದರೆ, ಈ ನಾಟಕಗಳನ್ನು ಗೋಡೆಯ ಹೊರಗೆ, ನಗರದ ರಂಗಮಂದಿರಗಳಲ್ಲಿಯೂ ಆಡಲಾಯಿತು. ಹಾಡುವವರು ಬಂದಿಗಳು, ಕೇಳುವವರು ನಾಗರಿಕರು: ವ್ಯವಸ್ಥೆಯು ತಿರುವುಮುರುವಾಯಿತು.

ಹೊರದೇಶದ ಒಂದು ಪ್ರಸಂಗವನ್ನು ಹೇಳದಿದ್ದರೆ ಈ ಮಾತು ಅರ್ಧವಾಗುವುದು. 1968ರ ಜನವರಿ 13ರಂದು ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ಫಾಲ್ಸಮ್ ಸೆರೆಮನೆಯ ಭೋಜನಶಾಲೆಯಲ್ಲಿ ಜಾನಿ ಕ್ಯಾಷ್ ಎಂಬ ಜನಪ್ರಿಯ ಗಾಯಕನು ಬಂದಿಗಳಿಗಾಗಿ ಹಾಡಿದನು. ಆ ಧ್ವನಿಮುದ್ರಿಕೆಯು ಲೋಕಪ್ರಸಿದ್ಧವಾಯಿತು. ಹಿಂದಿನ ರಾತ್ರಿ ಒಬ್ಬ ಪಾದ್ರಿಯ ಮೂಲಕ, ಅದೇ ಸೆರೆಯಲ್ಲಿದ್ದ ಗ್ಲೆನ್ ಶರ್ಲಿ ಎಂಬ ದರೋಡೆಯ ಅಪರಾಧಿಯು ಸೆರೆಮನೆಯೊಳಗಿನ ಪ್ರಾರ್ಥನಾಮಂದಿರವನ್ನು ಕುರಿತು ಕಟ್ಟಿದ ಹಾಡು ಅವನ ಕೈಸೇರಿತು. ರಾತ್ರಿಯೇ ಕಲಿತು, ಮರುದಿನ ಸಭೆಯಲ್ಲಿ ಕಟ್ಟಿದವನ ಹೆಸರನ್ನು ಸಾರಿ ಹಾಡಿದನು. ಶರ್ಲಿಯು ಮುಂದಿನ ಸಾಲಿನಲ್ಲಿ ಕುಳಿತಿದ್ದನು. ತನ್ನ ಹಾಡು ಬರುವುದೆಂದು ಅವನಿಗೆ ಗೊತ್ತಿರಲಿಲ್ಲ.

ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಮುಂದಿನದನ್ನೂ ಹೇಳಬೇಕು. ಕ್ಯಾಷನ ಪ್ರಯತ್ನದಿಂದ ಶರ್ಲಿಯು 1971ರಲ್ಲಿ ಬಿಡುಗಡೆಯಾಗಿ ಅವನ ಮೇಳವನ್ನೇ ಸೇರಿದನು. ಹೊರಗಿನ ಬಾಳು ಅವನಿಗೆ ಹೊಂದಲಿಲ್ಲ, ಮೇಳದಿಂದಲೂ ಹೊರಬಿದ್ದನು, 1978ರಲ್ಲಿ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡನು. ಒಂದು ದಿನದ ಚಪ್ಪಾಳೆಯಿಂದ ಬಾಳು ನೇರವಾಗುವುದೆಂದು ನಂಬಿ ಸೆರೆಮನೆಗೆ ಹೊರಡುವವರು ಈ ಭಾಗವನ್ನು ಎರಡು ಸಲ ಓದಬೇಕು.

ನಾನೂ ಹಾಗೆ ನಂಬಿ ಹೊರಟವರಲ್ಲೊಬ್ಬನು. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಮಂಡಳಿಯೊಡನೆ ಒಂದು ಸೆರೆಮನೆಗೆ ಹೋಗಿದ್ದೆನು. ಧ್ವನಿವರ್ಧಕ, ಎರಡು ಹಾರ್ಮೋನಿಯಂ, ತಬಲ, ಹೂಮಾಲೆ, ಶಾಲು ಎಲ್ಲವೂ ನಮ್ಮೊಡನಿದ್ದವು. ಮುಂದೆ ಕುರ್ಚಿಗಳಲ್ಲಿ ಅಧಿಕಾರಿಗಳೂ ನಾವೂ; ಹಿಂದೆ ಪರಸಿಯ ನೆಲದ ಮೇಲೆ ಬಿಸಿಲಿನಲ್ಲಿ ಅವರು. ನನ್ನ ಉಪನ್ಯಾಸವೇ ಮುಕ್ಕಾಲು ಗಂಟೆಯಾಯಿತು. ಪಶ್ಚಾತ್ತಾಪವೆಂಬ ಪದವನ್ನು ಎಷ್ಟು ಸಲ ಬಳಸಿದೆನೋ! ಹಾಡುಗಳಾದ ಮೇಲೆ, ಕಂಬದ ಬಳಿ ಕುಳಿತಿದ್ದ ಒಬ್ಬ ಮುದುಕನನ್ನು, ‘ಹೇಗಿತ್ತಪ್ಪಾ?’ ಎಂದು ಕೇಳಿದೆನು. ಆತನು ವಿನಯದಿಂದಲೇ, ‘ಚಲೋ ಆತ್ರಿ. ನಮಗ ಎದ್ದು ಹೋಗಾಕ ಬರಾಂಗಿಲ್ಲಲ್ರಿ’ ಎಂದನು.

ಜಾತ್ರೆಯಲ್ಲಿ ಹಾಡು ರುಚಿಸದಿದ್ದರೆ ಜನರು ಎದ್ದುಹೋಗುವರು; ಗಾಯಕನಿಗೆ ಅದೇ ಪರೀಕ್ಷೆ. ಇಲ್ಲಿ ಆ ಪರೀಕ್ಷೆಯೇ ಇಲ್ಲ. ಎದ್ದುಹೋಗಲಾರದವನಿಗೆ ಕೇಳಿಸಿದುದು ದಾಸೋಹವೋ ಅಥವಾ ನ್ಯಾಯಾಧೀಶನು ವಿಧಿಸದ ಇನ್ನೊಂದು ಶಿಕ್ಷೆಯೋ ಎಂಬ ಸಂಶಯವು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇದಕ್ಕೆ ನಾನು ಕಂಡ ಉಪಾಯವೊಂದೇ: ಮೊದಲು ಅವರನ್ನು ಕೇಳುವುದು. ಏನು ಬೇಕೆಂದು ಕೇಳುವುದು, ಅವರಲ್ಲಿ ಹಾಡುವವರಿದ್ದಾರೆಯೇ ಎಂದು ಕೇಳುವುದು.

ಅಂದು ನಾಚಿಕೆಯಿಂದ ಅಷ್ಟನ್ನು ಮಾಡಿದೆವು. ಚಿಂಚೋಳಿಯ ಕಡೆಯವನೊಬ್ಬನನ್ನು ಉಳಿದವರೇ ಮುಂದೆ ತಳ್ಳಿದರು. ತಬಲ ಬೇಡವೆಂದನು, ನಮ್ಮ ಸಾಮಾನಿನಲ್ಲಿ ಮೂಲೆಗೆ ಬಿದ್ದಿದ್ದ ಏಕತಾರಿಯನ್ನು ಎತ್ತಿಕೊಂಡನು. ಕಡಕೋಳ ಮಡಿವಾಳಪ್ಪ, ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬ ಮೊದಲಾದವರ ತತ್ವಪದಗಳು ನಮ್ಮ ಸೀಮೆಯಲ್ಲಿ ಜಾತಿಮತದ ಗೊಡವೆಯಿಲ್ಲದೆ ಅಮಾವಾಸ್ಯೆಯ ರಾತ್ರಿಗಳಲ್ಲಿ ಹಾಡಲ್ಪಡುತ್ತವೆ. ಆತನು ಎತ್ತಿಕೊಂಡುದು ಆ ಬಗೆಯದೇ ಒಂದು ಪದ. ನಾನು ಮೊದಲು ಕೇಳಿದುದಲ್ಲ. ಪಲ್ಲವಿಗೆ ಹಿಂದಿನ ಸಾಲುಗಳವರು ದನಿಗೂಡಿಸಿದರು. ಅಷ್ಟು ಹೊತ್ತು ನಮಗೆ ಕಾಣದಿದ್ದ ಮುಖಗಳು ಕಾಣತೊಡಗಿದವು. ಕಾವಲುಗಾರನೊಬ್ಬನು ಕೋಲನ್ನು ತೊಡೆಗೊರಗಿಸಿ ತಾಳ ಹಾಕುತ್ತಿದ್ದನು.

ಎರಡು ನುಡಿ ಮುಗಿಯುವಷ್ಟರಲ್ಲಿ ಸಂಜೆಯ ಎಣಿಕೆಯ ಸೀಟಿ ಊದಿತು. ಆತನು ಏಕತಾರಿಯನ್ನು ಒರಗಿಸಿಟ್ಟು ಸಾಲಿನಲ್ಲಿ ಹೋಗಿ ನಿಂತನು. ಮರುವರ್ಷ ಶಾಲು, ಧ್ವನಿವರ್ಧಕಗಳನ್ನು ಬಿಟ್ಟು, ಏಕತಾರಿ, ದಮ್ಮಡಿಗಳನ್ನು ಮಾತ್ರ ಹಿಡಿದು, ಉಳಿದ ನುಡಿಗಳನ್ನು ಕೇಳಿ ಬರೆದುಕೊಳ್ಳಬೇಕೆಂದು ಹೋದೆವು. ಆತನನ್ನು ಬೇರೆ ಸೆರೆಮನೆಗೆ ವರ್ಗಾಯಿಸಿದ್ದರು. ಆ ಪದದ ಎರಡು ನುಡಿಗಳು ಮಂಡಳಿಯ ಪುಸ್ತಕದಲ್ಲಿವ. ಕೆಳಗೆ ಅರ್ಧ ಪುಟವನ್ನು ಖಾಲಿಯಾಗಿ ಬಿಟ್ಟಿರುತ್ತೇವೆ.